ಸಮುದ್ರದ ತೈಲಕ್ಕೂ ಇಂಗಾಲದ ಲೆಕ್ಕ: ಬಾವಿ ಕೊರೆಯುವ ಮೊದಲೇ ಕಂಪ್ಯೂಟರ್ ಮುಂದೆ ನಿರ್ಧಾರ! ನಾರ್ವೆ ಮಾದರಿ ಭಾರತಕ್ಕೆ ಹೊಂದುತ್ತಾ?

ಪುಣೆ: ಹಿಂಜವಾಡಿ ಎಂದ ಕೂಡಲೇ ನೆನಪಾಗುವುದು ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್, ಸಾಫ್ಟ್‌ವೇರ್ ಕಂಪನಿಗಳು ಮತ್ತು ಮುಗಿಯದ ಟ್ರಾಫಿಕ್ ಜಾಮ್. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಬರುವ ಬೆಂಗಳೂರು-ಮುಂಬೈ ಹೆದ್ದಾರಿಯ ಪಕ್ಕದಲ್ಲೇ ಇರುವ ಈ ಪ್ರದೇಶದಲ್ಲಿ ಕನ್ನಡಿಗ ಎಂಜಿನಿಯರ್‌ಗಳಿಗೇನೂ ಕಡಿಮೆ ಇಲ್ಲ. ಆದರೆ ಪುಣೆಯಲ್ಲಿ ನಡೆಯುವುದು ಬರೀ ಕೋಡಿಂಗ್ ಅಲ್ಲ. ಕಾರಿನ ಬಿಡಿಭಾಗದಿಂದ ಹಿಡಿದು ಸಮುದ್ರದಾಳದಿಂದ ತೈಲ, ಅನಿಲ ತೆಗೆಯುವ ಉಪಕರಣಗಳವರೆಗೆ ಇಲ್ಲಿನ ಎಂಜಿನಿಯರಿಂಗ್ ಕಚೇರಿಗಳಲ್ಲಿ ವಿನ್ಯಾಸವಾಗುತ್ತದೆ.

ಈ ವಿನ್ಯಾಸದ ಕೆಲಸಕ್ಕೆ ಈಗ ಹೊಸದೊಂದು ಲೆಕ್ಕ ಸೇರಿಕೊಂಡಿದೆ. ಎಷ್ಟು ತೈಲ ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬುದರ ಜತೆಗೆ, ಒಂದು ಬ್ಯಾರೆಲ್ ತೈಲ ತೆಗೆಯಲು ಎಷ್ಟು ಇಂಗಾಲ ಗಾಳಿಗೆ ಹೋಗುತ್ತದೆ ಎಂಬ ಲೆಕ್ಕ. ಏನಿದು? ನಮ್ಮ ದೇಶಕ್ಕೆ ಇದರಿಂದ ಏನು ಲಾಭ? ಇಲ್ಲಿದೆ ವಿವರ.

ತೈಲ ತೆಗೆಯುವಾಗಲೇ ಹೊಗೆ ಏಕೆ?

ಪೆಟ್ರೋಲ್, ಡೀಸೆಲ್ ಸುಟ್ಟಾಗ ಹೊಗೆ ಬರುವುದು ಎಲ್ಲರಿಗೂ ಗೊತ್ತು. ಆದರೆ ತೈಲ ನಮ್ಮ ವಾಹನ ತಲುಪುವ ಮೊದಲೇ ಸಾಕಷ್ಟು ಮಾಲಿನ್ಯ ಆಗಿರುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ (ಐಇಎ) ಪ್ರಕಾರ, 2022ರಲ್ಲಿ ತೈಲ ಮತ್ತು ಅನಿಲದ ಉತ್ಪಾದನೆ, ಸಾಗಣೆ, ಸಂಸ್ಕರಣೆಯಿಂದಲೇ ಸುಮಾರು 510 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲ ಹೊರಬಿದ್ದಿದೆ. ಇಂಧನ ವಲಯದ ಒಟ್ಟು ಹೊರಸೂಸುವಿಕೆಯಲ್ಲಿ ಇದರ ಪಾಲು ಶೇ 15ಕ್ಕೆ ಹತ್ತಿರ.

ಸಮುದ್ರದ ಮಧ್ಯೆ ಇರುವ ತೈಲ ವೇದಿಕೆ ಒಂದು ಪುಟ್ಟ ಊರಿದ್ದಂತೆ. ಅಲ್ಲಿಗೆ ವಿದ್ಯುತ್ ಕಂಬ ಇಲ್ಲ. ಹಾಗಾಗಿ ಬಾವಿಯಿಂದ ಬರುವ ಅನಿಲವನ್ನೇ ಟರ್ಬೈನ್‌ಗಳಲ್ಲಿ ಸುಟ್ಟು ವಿದ್ಯುತ್ ಮಾಡಿಕೊಳ್ಳುತ್ತಾರೆ. ಪಂಪ್, ಕಂಪ್ರೆಸರ್ ಓಡುವುದು ಈ ವಿದ್ಯುತ್‌ನಿಂದಲೇ. ಇಂಥ ಟರ್ಬೈನ್‌ಗಳಲ್ಲಿ ಸುಟ್ಟ ಇಂಧನದ ಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ ಆಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಇದರ ಜತೆಗೆ ಉದ್ದನೆಯ ಕೊಳವೆಯ ತುದಿಯಲ್ಲಿ ಹಗಲಿರುಳು ಉರಿಯುವ ಜ್ವಾಲೆ, ಅಂದರೆ ಫ್ಲೇರಿಂಗ್. ತೈಲದೊಂದಿಗೆ ಬರುವ ಅನಿಲವನ್ನು ದಡಕ್ಕೆ ಸಾಗಿಸಲು ವ್ಯವಸ್ಥೆ ಇಲ್ಲದಿದ್ದರೆ ಅಲ್ಲೇ ಸುಡುತ್ತಾರೆ. ವಿಶ್ವಬ್ಯಾಂಕ್ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನಾದ್ಯಂತ ಹೀಗೆ ಸುಟ್ಟ ಅನಿಲ 15,100 ಕೋಟಿ ಘನ ಮೀಟರ್. ವಾಲ್ವ್, ಸೀಲ್‌ಗಳಿಂದ ಸೋರುವ ಮೀಥೇನ್, ಹಡಗು ಮತ್ತು ಹೆಲಿಕಾಪ್ಟರ್‌ಗಳ ಇಂಧನ ಇದಕ್ಕೆ ಸೇರ್ಪಡೆ.

ನಿರ್ಧಾರ ಆಗುವುದು ಎಲ್ಲಿ?

ತೈಲ ಪತ್ತೆಯಾದ ತಕ್ಷಣ ಉತ್ಪಾದನೆ ಶುರುವಾಗುವುದಿಲ್ಲ. ಮೊದಲು ನಿಕ್ಷೇಪದ ಅಂದಾಜು, ನಂತರ ಯಾವ ಬಗೆಯ ವ್ಯವಸ್ಥೆ ಎಂಬ ಆಯ್ಕೆ, ಆಮೇಲೆ ವಿವರವಾದ ವಿನ್ಯಾಸ, ಕೊನೆಗೆ ನಿರ್ಮಾಣ. ಇದಕ್ಕೆ ಹಲವು ವರ್ಷ ಬೇಕು. ಹೊಸ ವೇದಿಕೆ ಕಟ್ಟಬೇಕೇ? ತೇಲುವ ಹಡಗು ನಿಲ್ಲಿಸಬೇಕೇ? ಅಥವಾ ಬಾವಿಗಳನ್ನು ಸಮುದ್ರತಳದಲ್ಲೇ ಇಟ್ಟು ಪೈಪ್ ಮೂಲಕ ಹಳೆಯ ಕೇಂದ್ರಕ್ಕೆ ಜೋಡಿಸಬೇಕೇ? ಈ ಒಂದು ಆಯ್ಕೆಯೇ ಮುಂದಿನ 20-25 ವರ್ಷಗಳ ಹೊಗೆಯ ಪ್ರಮಾಣವನ್ನು ಬಹುಪಾಲು ನಿರ್ಧರಿಸುತ್ತದೆ.

ನಮ್ಮಲ್ಲೇ ಎರಡೂ ಬಗೆಯ ಉದಾಹರಣೆಗಳಿವೆ. ಕೃಷ್ಣಾ-ಗೋದಾವರಿ ಕಣಿವೆಯ ಕೆಜಿ-ಡಿ6 ಬ್ಲಾಕ್‌ನಲ್ಲಿ ರಿಲಯನ್ಸ್ ಮತ್ತು ಬಿಪಿ 2020ರ ಡಿಸೆಂಬರ್‌ನಲ್ಲಿ 'ಆರ್ ಕ್ಲಸ್ಟರ್' ಅನಿಲ ಉತ್ಪಾದನೆ ಆರಂಭಿಸಿದವು. 2,000 ಮೀಟರ್‌ಗೂ ಹೆಚ್ಚು ಆಳದ ಈ ಬಾವಿಗಳನ್ನು ಮೊದಲೇ ಇದ್ದ ಕೇಂದ್ರಕ್ಕೆ ಜೋಡಿಸಲಾಗಿದೆ. ಅದೇ ಕಣಿವೆಯಲ್ಲಿ ಒಎನ್‌ಜಿಸಿಯ 98/2 ಬ್ಲಾಕ್‌ನಿಂದ 2024ರ ಜನವರಿ 7ರಂದು ಮೊದಲ ತೈಲ ಬಂತು. ಅಲ್ಲಿ ತೈಲವನ್ನು ಬೇರ್ಪಡಿಸಿ ಸಂಗ್ರಹಿಸಲು ಎಫ್‌ಪಿಎಸ್‌ಒ ಎಂಬ ತೇಲುವ ಹಡಗು ಬಳಕೆಯಾಗುತ್ತಿದೆ. ಎರಡಕ್ಕೂ ತಮ್ಮದೇ ಆದ ತಾಂತ್ರಿಕ ಕಾರಣಗಳಿವೆ. ಆದರೆ ಸಾಮಾನ್ಯವಾಗಿ, ಇರುವ ವ್ಯವಸ್ಥೆಯನ್ನೇ ಹಂಚಿಕೊಂಡರೆ ಉಕ್ಕು, ಟರ್ಬೈನ್, ಸಿಬ್ಬಂದಿ ಓಡಾಟ ಎಲ್ಲವೂ ಕಡಿಮೆಯಾಗುತ್ತದೆ.

ಮುಂಬೈ ಹೈ ಕಥೆ ಏನು?

ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದ ಮುಂಬೈ ಹೈ ಪತ್ತೆಯಾಗಿದ್ದು 1974ರಲ್ಲಿ, ಉತ್ಪಾದನೆ ಶುರುವಾಗಿದ್ದು 1976ರಲ್ಲಿ. ಆಗ ಇಂಗಾಲದ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ.

ತೈಲ ಕ್ಷೇತ್ರಕ್ಕೆ ವಯಸ್ಸಾದಂತೆ ಒಳಗಿನ ಒತ್ತಡ ಕುಸಿಯುತ್ತದೆ. ಒತ್ತಡ ಉಳಿಸಿಕೊಳ್ಳಲು ನೀರು ತುಂಬಬೇಕು. ತೈಲದ ಜತೆಗೆ ಮೇಲೆ ಬರುವ ನೀರಿನ ಪಾಲೂ ಹೆಚ್ಚುತ್ತದೆ. ಅಂದರೆ ಪಂಪ್ ಓಡುವುದು ಮೊದಲಿನಷ್ಟೇ ಅಥವಾ ಇನ್ನೂ ಹೆಚ್ಚು, ಸಿಗುವ ತೈಲ ಮಾತ್ರ ಕಡಿಮೆ. ಹಾಗಾಗಿ ಪ್ರತಿ ಬ್ಯಾರೆಲ್‌ನ ಇಂಗಾಲದ ಹೊರೆ ಏರುತ್ತಾ ಹೋಗುತ್ತದೆ. ಹೊಸ ಯಂತ್ರ ಕೂರಿಸೋಣ ಎಂದರೆ ಹಳೆಯ ವೇದಿಕೆಯಲ್ಲಿ ಜಾಗವೂ ಇಲ್ಲ, ಭಾರ ಹೊರುವ ಶಕ್ತಿಗೂ ಮಿತಿ ಇದೆ. ಮುಂಬೈ ಹೈ ಉತ್ಪಾದನೆ ಹೆಚ್ಚಿಸಲು 2025ರ ಜನವರಿಯಲ್ಲಿ ಒಎನ್‌ಜಿಸಿ ಬಿಪಿ ಕಂಪನಿಯನ್ನು ತಾಂತ್ರಿಕ ಸೇವಾ ಪಾಲುದಾರನಾಗಿ ಆಯ್ಕೆ ಮಾಡಿದೆ. ಹೆಚ್ಚು ತೈಲ ತೆಗೆಯುವಾಗ ಇಂಗಾಲವನ್ನೂ ತಗ್ಗಿಸುವುದು ಇಲ್ಲಿನ ನಿಜವಾದ ಸವಾಲು.

ನಾರ್ವೆ ಮಾಡಿದ್ದೇನು?

ನಾರ್ವೆ 1991ರಲ್ಲೇ ಸಮುದ್ರದ ತೈಲ ಉತ್ಪಾದನೆ ಮೇಲೆ ಇಂಗಾಲ ತೆರಿಗೆ ಹಾಕಿತು. ಹೊಗೆ ಬಿಟ್ಟರೆ ದುಡ್ಡು ಕಟ್ಟಬೇಕು ಎಂದಾದ ಮೇಲೆ ವಿನ್ಯಾಸವೇ ಬದಲಾಯಿತು. 1996ರಿಂದ ಸ್ಲೈಪ್ನರ್ ಕ್ಷೇತ್ರದಲ್ಲಿ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡ್ ಅನ್ನು ಸಮುದ್ರತಳದ ಕೆಳಗಿನ ಕಲ್ಲಿನ ಪದರಕ್ಕೆ ತುಂಬಲಾಗುತ್ತಿದೆ. 2019ರಲ್ಲಿ ಉತ್ಪಾದನೆ ಶುರುಮಾಡಿದ ಯೋಹಾನ್ ಸ್ವೆರ್ಡ್ರುಪ್ ಕ್ಷೇತ್ರಕ್ಕೆ ಸುಮಾರು 200 ಕಿ.ಮೀ. ಉದ್ದದ ಕೇಬಲ್ ಮೂಲಕ ದಡದಿಂದಲೇ ವಿದ್ಯುತ್ ಹೋಗುತ್ತದೆ. ಅಲ್ಲಿ ಬ್ಯಾರೆಲ್‌ಗೆ ಒಂದು ಕೆ.ಜಿ.ಗಿಂತಲೂ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎನ್ನುತ್ತದೆ ಈಕ್ವಿನಾರ್ ಕಂಪನಿ. ಜಾಗತಿಕ ಸರಾಸರಿ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು. 2023ರಲ್ಲಿ ಉದ್ಘಾಟನೆಯಾದ ಹೈವಿಂಡ್ ಟಾಂಪೆನ್‌ನಲ್ಲಿ 11 ತೇಲುವ ಗಾಳಿಯಂತ್ರಗಳು ಐದು ವೇದಿಕೆಗಳಿಗೆ ಬೇಕಾದ ವಿದ್ಯುತ್‌ನ ಮೂರನೇ ಒಂದು ಭಾಗದಷ್ಟನ್ನು ಕೊಡುತ್ತವೆ.

ನಾವೂ ಕೇಬಲ್ ಎಳೆದರೆ ಸಾಕಾ?

ಇಲ್ಲೇ ಇರುವುದು ಟ್ವಿಸ್ಟ್. ನಾರ್ವೆಯ ವಿದ್ಯುತ್ ಬಹುಪಾಲು ಜಲವಿದ್ಯುತ್. ನಮ್ಮ ಗ್ರಿಡ್‌ನ ವಿದ್ಯುತ್‌ನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು.

ಸರಳ ಲೆಕ್ಕ ನೋಡಿ. ನೈಸರ್ಗಿಕ ಅನಿಲ ಸುಟ್ಟು ಒಂದು ಯೂನಿಟ್‌ನಷ್ಟು ಶಾಖ ಪಡೆದರೆ ಸುಮಾರು 0.2 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಟರ್ಬೈನ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ ವಿದ್ಯುತ್ ಆಗುವುದರಿಂದ ಒಂದು ಯೂನಿಟ್ ವಿದ್ಯುತ್‌ಗೆ 0.6 ಕೆ.ಜಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ನಮ್ಮ ಗ್ರಿಡ್‌ನ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಅಂದರೆ ಇವತ್ತಿನ ಸ್ಥಿತಿಯಲ್ಲಿ ಗ್ರಿಡ್‌ನಿಂದ ಕೇಬಲ್ ಎಳೆದರೆ ಸಮುದ್ರದ ಹೊಗೆ ದಡದ ಕಲ್ಲಿದ್ದಲು ಸ್ಥಾವರಕ್ಕೆ ಸ್ಥಳಾಂತರವಾಗುತ್ತದೆ ಅಷ್ಟೇ!

ಆದರೆ ಗ್ರಿಡ್‌ಗೆ ಸೌರ ಮತ್ತು ಪವನ ವಿದ್ಯುತ್ ಸೇರುತ್ತಲೇ ಇದೆ. ಇಂದು ವಿನ್ಯಾಸವಾಗುವ ಕ್ಷೇತ್ರ 2050ರ ಸುಮಾರಿಗೂ ಓಡುತ್ತಿರಬಹುದು. ಹೀಗಾಗಿ ಎಂಜಿನಿಯರ್‌ಗಳು ಇಂದಿನ ಗ್ರಿಡ್ ಮಾತ್ರವಲ್ಲ, 15 ವರ್ಷಗಳ ನಂತರದ ಗ್ರಿಡ್ ಹೇಗಿರುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. ಗುಜರಾತ್ ಮತ್ತು ತಮಿಳುನಾಡು ಕರಾವಳಿಯಲ್ಲಿ ತಲಾ 500 ಮೆಗಾವಾಟ್ ಸಮುದ್ರ ಪವನ ವಿದ್ಯುತ್ ಯೋಜನೆಗೆ ನೆರವು ನೀಡಲು ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಹಾಗಾದರೆ ಮೊದಲು ಏನು ಮಾಡಬೇಕು?

ಮೊದಲ ಕೆಲಸ ಮೀಥೇನ್ ಸೋರಿಕೆ ತಡೆ. ಒಂದು ಟನ್ ಮೀಥೇನ್ ಪೂರ್ತಿ ಉರಿದರೆ 2.75 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದೇ ಮೀಥೇನ್ ಉರಿಯದೆ ಹಾಗೇ ಗಾಳಿಗೆ ಸೇರಿದರೆ 100 ವರ್ಷಗಳ ಲೆಕ್ಕದಲ್ಲಿ ಸುಮಾರು 30 ಟನ್‌ಗೆ ಸಮ. ಜ್ವಾಲೆ ಆರಿಹೋದ ಫ್ಲೇರ್, ಉರಿಯುವ ಫ್ಲೇರ್‌ಗಿಂತ ಹತ್ತು ಪಟ್ಟು ಅಪಾಯಕಾರಿ.

ಎರಡನೆಯದು, ಫ್ಲೇರ್‌ಗೆ ಹೋಗುವ ಅನಿಲವನ್ನು ಕಂಪ್ರೆಸರ್‌ನಿಂದ ಹಿಡಿದು ಮತ್ತೆ ಪೈಪ್‌ಲೈನ್‌ಗೆ ಸೇರಿಸುವುದು. ಮೂರನೆಯದು, ಟರ್ಬೈನ್‌ನಿಂದ ವ್ಯರ್ಥವಾಗುವ ಬಿಸಿಯನ್ನು ಬಳಸಿಕೊಳ್ಳುವುದು. ಹಿಡಿದ ಅನಿಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರುವುದರಿಂದ ಖರ್ಚಿನ ಒಂದು ಪಾಲು ಅಲ್ಲೇ ವಾಪಸ್ ಬರುತ್ತದೆ.

2038ರೊಳಗೆ ತನ್ನ ಕಾರ್ಯಾಚರಣೆಯ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಒಎನ್‌ಜಿಸಿ ಹೇಳಿದೆ. ಆದರೆ ಕಾನೂನಿನ ಒತ್ತಡ ಇನ್ನೂ ಕಡಿಮೆ. 2023ರಲ್ಲಿ ಅಧಿಸೂಚನೆಯಾದ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆಯಡಿ ಗುರಿ ನಿಗದಿಗೆ ಗುರುತಿಸಿರುವ ವಲಯಗಳಲ್ಲಿ ತೈಲ ಸಂಸ್ಕರಣಾಗಾರಗಳಿವೆ, ತೈಲ ಬಾವಿಗಳಿಲ್ಲ. ಹೊಗೆಗೆ ಬೆಲೆ ಕಟ್ಟದಿದ್ದರೆ, ಬಜೆಟ್ ಕಡಿತದ ಮಾತು ಬಂದಾಗ ಫ್ಲೇರ್ ಅನಿಲ ಹಿಡಿಯುವ ಕಂಪ್ರೆಸರ್‌ನಂಥ ಉಪಕರಣಗಳಿಗೇ ಮೊದಲು ಕತ್ತರಿ ಬೀಳುವ ಅಪಾಯವಿದೆ.

'ಹಸಿರು ತೈಲ' ಅನ್ನಬಹುದಾ?

ಖಂಡಿತ ಇಲ್ಲ. ಒಂದು ಬ್ಯಾರೆಲ್ ಕಚ್ಚಾತೈಲ ಕೊನೆಗೆ ಉರಿದಾಗ ಸುಮಾರು 430 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಾವಿಯಿಂದ ತೆಗೆಯುವಾಗಿನ ಹೊಗೆಯನ್ನು ಪೂರ್ತಿ ನಿಲ್ಲಿಸಿದರೂ ಈ 430 ಕೆ.ಜಿ. ಹಾಗೇ ಉಳಿಯುತ್ತದೆ. ಕಂಪನಿಗಳ 'ನೆಟ್ ಝೀರೋ' ಘೋಷಣೆ ಓದುವಾಗ, ಅದು ತೆಗೆಯುವ ಹೊಗೆಯ ಬಗ್ಗೆಯೋ ಅಥವಾ ಉರಿಸುವ ಹೊಗೆಯ ಬಗ್ಗೆಯೋ ಎಂದು ನೋಡುವುದು ಒಳ್ಳೆಯದು.

ಹಾಗೆಂದು ಈ ಕೆಲಸ ವ್ಯರ್ಥವೂ ಅಲ್ಲ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ದೇಶದೊಳಗೆ ಸಿಗುವ ಅನಿಲವನ್ನು ಸಮುದ್ರದ ಮೇಲೆ ಸುಮ್ಮನೆ ಸುಟ್ಟು ಹಾಕುವುದು ಪರಿಸರಕ್ಕೂ ನಷ್ಟ, ಜೇಬಿಗೂ ನಷ್ಟ. ತೈಲ ಬಳಕೆ ತಗ್ಗಿಸುವ ಕೆಲಸ ಸರ್ಕಾರ, ಕಂಪನಿ, ಗ್ರಾಹಕ ಎಲ್ಲರದ್ದು. ತೆಗೆಯುವಾಗಿನ ಹೊಗೆ ತಗ್ಗಿಸುವ ಕೆಲಸಕ್ಕೆ ಮಾತ್ರ ಸರಿಯಾದ ಸಮಯ ಒಂದೇ: ಬಾವಿ ಕೊರೆಯುವ ಮೊದಲು, ವಿನ್ಯಾಸ ಇನ್ನೂ ಕಂಪ್ಯೂಟರ್ ಪರದೆಯ ಮೇಲೆ ಇರುವಾಗ.