ಪ್ರೋಟೀನನ್ನು ಒಡೆಯುವ ಕಿಣ್ವಗಳು: ಆರೋಗ್ಯದಲ್ಲಿಯೂ ರೋಗದಲ್ಲಿಯೂ ಅವುಗಳ ಪಾತ್ರ

ಚಳಿಗಾಲ ಬಂದಿತೆಂದರೆ ಬಸವನಗುಡಿ, ವಿಶ್ವೇಶ್ವರಪುರಗಳ ಬೀದಿಗಳಲ್ಲಿ ಸೊಗಡವರೆಯ ಪರಿಮಳ ಹರಡುವುದನ್ನು ಬೆಂಗಳೂರಿನವರೆಲ್ಲರೂ ಬಲ್ಲರು. ಸಜ್ಜನರಾವ್ ವೃತ್ತದ ಬಳಿ ವರ್ಷವರ್ಷವೂ ಜರುಗುತ್ತಿದ್ದ ಅವರೆಯ ಮೇಳವು 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಬಂದಿತು. ಅವರೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ಉಣ್ಣಬೇಕೆಂಬುದು ನಮ್ಮ ಅಡುಗೆಮನೆಗಳ ಹಳೆಯ ಕಟ್ಟಳೆ. ಆ ಕಟ್ಟಳೆಗೆ ಒಂದು ಕಾರಣವು ಕಾಳಿನಲ್ಲಿಯೇ ಅಡಗಿದೆ. ಇತಿಹಾಸದ ಅಧ್ಯಾಪಕರಾದ ನಾವು ಜೀವರಸಾಯನಶಾಸ್ತ್ರವನ್ನು ಕುರಿತು ಬರೆಯುವುದು ಸಾಹಸವೆನಿಸೀತು. ಆದರೆ ಕಟ್ಟುವಿಕೆ, ಕೆಡಹುವಿಕೆಗಳು ನಮ್ಮ ಶಾಸ್ತ್ರಕ್ಕೂ ಹೊರತಾದುವಲ್ಲ.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಣಿ. ಅದರ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳಿಗೆ ಪ್ರೋಟಿಯೇಸುಗಳೆಂದು ಹೆಸರು. ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್ ಇವುಗಳಲ್ಲೊಂದು. ಅವರೆ, ಹುರುಳಿ, ಸೋಯಾ ಮೊದಲಾದ ಕಾಳುಗಳಲ್ಲಿ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವ ಪ್ರತಿಬಂಧಕಗಳಿವೆ. ಸೋಯಾದ ಪ್ರತಿಬಂಧಕವೊಂದನ್ನು ಕುನಿಟ್ಸ್ ಎಂಬ ವಿಜ್ಞಾನಿ 1945ರಲ್ಲಿ ಸ್ಫಟಿಕರೂಪದಲ್ಲಿ ಪಡೆದರು. ಕಾಳನ್ನು ಚೆನ್ನಾಗಿ ಬೇಯಿಸಿದಾಗ ಇವುಗಳ ಶಕ್ತಿ ಬಹುಮಟ್ಟಿಗೆ ಉಡುಗುತ್ತದೆ. ಆಹಾರದ ಪ್ರೋಟೀನು ಸುಲಭವಾಗಿ ಜೀರ್ಣವಾಗುತ್ತದೆ.

ಇಂತಹ ತಡೆ ಕಾಳಿಗೆ ಮಾತ್ರ ಮೀಸಲಲ್ಲ. ನಮ್ಮ ಮೇದೋಜೀರಕ ಗ್ರಂಥಿಯು ಟ್ರಿಪ್ಸಿನ್ನನ್ನು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಜೊತೆಗೆ ಅದರ ಪ್ರತಿಬಂಧಕವನ್ನೂ ಇರಿಸಿಕೊಳ್ಳುತ್ತದೆ. ಕಿಣ್ವವು ಕರುಳನ್ನು ಸೇರುವ ಮೊದಲೇ ಎಚ್ಚೆತ್ತರೆ ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುವುದು.

ಇನ್ನು ಜೀವಕೋಶದ ಒಳಗನ್ನು ನೋಡೋಣ. ಬೆಳೆದ ದೇಹದ ಪ್ರೋಟೀನುಗಳು ಸ್ಥಿರವಾದುವೆಂದು ಹಿಂದೆ ಅನೇಕರು ನಂಬಿದ್ದರು. 1930ರ ದಶಕದಲ್ಲಿ ಷೋನ್‌ಹೈಮರ್ ಅವರು ಭಾರವಾದ ಸಾರಜನಕದಿಂದ ಗುರುತಿಸಿದ ಅಮೈನೋ ಆಮ್ಲಗಳನ್ನು ಇಲಿಗಳಿಗೆ ಉಣಿಸಿ, ಪ್ರೋಟೀನುಗಳು ಎಡೆಬಿಡದೆ ಒಡೆದು ಮತ್ತೆ ಕಟ್ಟಲ್ಪಡುತ್ತವೆಂದು ತೋರಿಸಿದರು. ಒಡೆಯುವ ಕಾರ್ಯಕ್ಕೆ ಮುಖ್ಯವಾಗಿ ಎರಡು ಸ್ಥಾನಗಳಿವೆ. ಒಂದು ಲೈಸೊಸೋಮು, 1955ರಲ್ಲಿ ಡಿ ಡ್ಯೂವ್ ಅವರು ಹೆಸರಿಟ್ಟ ಆಮ್ಲಭರಿತ ಚೀಲ. ಮತ್ತೊಂದು ಪ್ರೋಟಿಯಸೋಮು, ಪೀಪಾಯಿಯ ಆಕಾರದ ಯಂತ್ರ. ಕೆಡಹಬೇಕಾದ ಪ್ರೋಟೀನಿಗೆ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿದ ಮೇಲೆ ಅದು ಸಾಮಾನ್ಯವಾಗಿ ಈ ಯಂತ್ರವನ್ನು ಸೇರುತ್ತದೆ. ಈ ಚೀಟಿಯ ರಹಸ್ಯವನ್ನು ಬಿಡಿಸಿದ ಸೀಹಾನೋವರ್, ಹರ್ಷ್ಕೊ, ರೋಸ್ ಮೂವರಿಗೆ 2004ರ ನೊಬೆಲ್ ಪಾರಿತೋಷಕವು ಸಂದಿತು.

ಒಡೆಯುವಿಕೆ ಕುಂದಿದರೂ ಕೇಡು, ಮಿತಿಮೀರಿದರೂ ಕೇಡು. ಟಿಪಿಪಿ-1 ಎಂಬ ಲೈಸೊಸೋಮಿನ ಕಿಣ್ವವೊಂದಿಲ್ಲದೆ ಹುಟ್ಟಿದ ಮಕ್ಕಳ ನರಕೋಶಗಳಲ್ಲಿ ಕಸವು ಶೇಖರವಾಗಿ, ಅವರು ಮಾತು, ನಡಿಗೆ, ದೃಷ್ಟಿಗಳನ್ನು ಕ್ರಮವಾಗಿ ಕಳೆದುಕೊಳ್ಳುತ್ತಾರೆ. 1997ರಲ್ಲಿ ಇದರ ಕಾರಣ ತಿಳಿಯಿತು. 2017ರಲ್ಲಿ ಆ ಕಿಣ್ವವನ್ನೇ ಮಿದುಳಿಗೆ ಸೇರಿಸುವ ಚಿಕಿತ್ಸೆಗೆ ಅನುಮತಿ ದೊರೆಯಿತು. ಇದಕ್ಕೆ ವಿರುದ್ಧವಾದ ನಿದರ್ಶನವನ್ನು 1963ರಲ್ಲಿ ಸ್ವೀಡನ್ನಿನ ಲಾರೆಲ್, ಎರಿಕ್ಸನ್ ಇಬ್ಬರು ಪ್ರಕಟಿಸಿದರು. ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರತಿಬಂಧಕವು ತೀರ ಕಡಮೆಯಿದ್ದರೆ, ಬಿಳಿರಕ್ತಕಣಗಳ ಎಲಾಸ್ಟೇಸ್ ಕಿಣ್ವವು ಶ್ವಾಸಕೋಶವನ್ನೇ ಸವೆಸುತ್ತದೆ. ಹೊಗೆಬತ್ತಿಯ ಹೊಗೆಯು ಈ ಪ್ರತಿಬಂಧಕವನ್ನು ಕೆಡಿಸುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಪ್ರತಿಬಂಧಕವು ಔಷಧವೂ ಆಗಬಲ್ಲದು. ಪ್ರೋಟಿಯಸೋಮನ್ನು ತಡೆಯುವ ಬಾರ್ಟಿಜೋಮಿಬ್ ಔಷಧಕ್ಕೆ 2003ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಮಲ್ಟಿಪಲ್ ಮೈಲೋಮ ಎಂಬ ಕ್ಯಾನ್ಸರಿನ ಕೋಶಗಳು ಅತಿಯಾಗಿ ಪ್ರೋಟೀನನ್ನು ತಯಾರಿಸುವುದರಿಂದ, ಕಸ ತೆಗೆಯುವ ದಾರಿ ಮುಚ್ಚಿದೊಡನೆ ಅವು ಬೇಗನೆ ಸಾಯುತ್ತವೆ. ಏಡ್ಸ್ ವೈರಾಣುವಿನ ಪ್ರೋಟಿಯೇಸನ್ನು ತಡೆಯುವ ಔಷಧಗಳು 1995ರಿಂದ ಬಳಕೆಗೆ ಬಂದು ಅಸಂಖ್ಯ ಜೀವಗಳನ್ನು ಉಳಿಸಿವೆ.

ಹೀಗೆ ಅವರೆಯ ಕಾಳಿನಲ್ಲಿ ನಾವು ಬೆಂಕಿಯಿಂದ ನೀಗಿಸುವಂಥ ತಡೆಯನ್ನೇ ವೈದ್ಯರು ಬೇರೆಡೆ ಬೇಕೆಂದು ಬಳಸುತ್ತಾರೆ. ಕೆಡಹುವಿಕೆಯೆಲ್ಲ ನಾಶವಲ್ಲ, ಉಳಿಸಿಕೊಳ್ಳುವಿಕೆಯೆಲ್ಲ ಆರೋಗ್ಯವೂ ಅಲ್ಲ; ಯಾವುದನ್ನು, ಎಲ್ಲಿ, ಎಷ್ಟು ಕೆಡಹಬೇಕೆಂಬ ಅಂಕೆಯಲ್ಲಿಯೇ ದೇಹದ ಕ್ಷೇಮವಿದೆ.