ಸಮುದ್ರದ ಸ್ಪಂಜೂ ಕೆರೆಯ ಸ್ಪಂಜೂ

ತುಮಕೂರಿನ ಉಪ್ಪಾರಹಳ್ಳಿಯ ಹೆಸರಿನಲ್ಲಿ ಉಪ್ಪಿದ್ದರೂ ಉಪ್ಪುನೀರಿನ ಸಮುದ್ರವು ಅಲ್ಲಿಗೆ ಬಹುದೂರ. ಅಂಥ ಒಳನಾಡಿನವರಿಗೆ ಸ್ಪಂಜಿನ ವಿಚಾರದಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಸ್ಪಂಜಿನ ಬಂಧುಗಳು ಸಿಹಿನೀರಿನ ಕೆರೆಗಳಲ್ಲಿಯೂ ಬಾಳುತ್ತವೆಯೆಂಬುದೇ ಅದಕ್ಕೆ ಉತ್ತರ.

ಕಾರ್ಖಾನೆಯಲ್ಲಿ ತಯಾರಾಗದ, ಸಮುದ್ರದಿಂದ ತೆಗೆದ ಸ್ನಾನದ ಸ್ಪಂಜು ಒಂದು ಪ್ರಾಣಿಯ ಅಸ್ಥಿಪಂಜರ. ಬಂಡೆಗೆ ಅಂಟಿಕೊಂಡು ಕದಲದೆ ಇರುವ ಈ ಜೀವಿಯನ್ನು ಅನೇಕ ಪಂಡಿತರು ಸಸ್ಯವೆಂದೇ ಎಣಿಸಿದ್ದರು. 1825ರ ಸುಮಾರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸನು ಜೀವಂತ ಸ್ಪಂಜನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಅದರ ರಂಧ್ರದಿಂದ ನೀರು ಬುಗ್ಗೆಯಂತೆ ಹೊರಚಿಮ್ಮುತ್ತಿತ್ತು. ಇದು ಪ್ರಾಣಿಯೇ ಎಂದು ಆತನು ಸಾಧಿಸಿದನು.

ಸ್ಪಂಜಿಗೆ ಬಾಯಿಲ್ಲ, ಜಠರವಿಲ್ಲ, ಹೃದಯವಿಲ್ಲ, ನರಗಳೂ ಇಲ್ಲ. ಹಾಗಾದರೆ ಅದು ಉಣ್ಣುವುದು ಹೇಗೆ? ಮೈತುಂಬ ಇರುವ ಸಣ್ಣ ರಂಧ್ರಗಳಿಂದ ನೀರು ಒಳಗೆ ಹೋಗುತ್ತದೆ. ಒಳಗಿನ ಪುಟ್ಟ ಕೋಣೆಗಳಲ್ಲಿ ಸಾಲುಗಟ್ಟಿದ ಜೀವಕಣಗಳಿಗೆ ಒಂದೊಂದು ಚಾಟಿಯೂ ಅದರ ಸುತ್ತ ಕೊರಳಪಟ್ಟಿಯೂ ಉಂಟು. ಚಾಟಿಗಳ ಬಡಿತದಿಂದ ಪ್ರವಾಹವು ಹುಟ್ಟುತ್ತದೆ. ಕೊರಳಪಟ್ಟಿಯು ಬ್ಯಾಕ್ಟೀರಿಯಾದಂಥ ಆಹಾರವನ್ನು ಸೋಸಿ ಹಿಡಿಯುತ್ತದೆ. ಉಳಿದ ನೀರು ದೊಡ್ಡ ರಂಧ್ರದಿಂದ ಹೊರಹೋಗುತ್ತದೆ. 10 ಸೆಂಟಿಮೀಟರು ಎತ್ತರ, 1 ಸೆಂಟಿಮೀಟರು ದಪ್ಪದ ಒಂದು ಸ್ಪಂಜು ದಿನಕ್ಕೆ ಸುಮಾರು 22 ಲೀಟರು ನೀರನ್ನು ಹೀಗೆ ಸಾಗಿಸುತ್ತದೆ.

ಈ ಜೀವಕಣಗಳ ಒಗ್ಗಟ್ಟು ಅಚ್ಚರಿಯದು. 1907ರಲ್ಲಿ ಅಮೆರಿಕದ ವಿಲ್ಸನ್ ಎಂಬ ವಿಜ್ಞಾನಿಯು ಸಮುದ್ರದ ಸ್ಪಂಜನ್ನು ನಯವಾದ ರೇಷ್ಮೆಬಟ್ಟೆಯ ಮೂಲಕ ಹಿಂಡಿ, ಕಣಕಣವಾಗಿ ಬೇರ್ಪಡಿಸಿದನು. ಅವು ಮತ್ತೆ ಒಂದನ್ನೊಂದು ಕೂಡಿಕೊಂಡು ಹೊಸ ಸ್ಪಂಜಾದುವು!

ಇನ್ನು ಸಿಹಿನೀರಿನ ಸ್ಪಂಜು. ಮುಂಬಯಿಯಲ್ಲಿ ವೈದ್ಯನಾಗಿದ್ದ ಕಾರ್ಟರನು ಅಲ್ಲಿಯ ಸಿಹಿನೀರಿನ ಸ್ಪಂಜುಗಳನ್ನು ಪರೀಕ್ಷಿಸಿ 1849ರಲ್ಲಿ ವಿವರಿಸಿದನು. ಇವು ಕಲ್ಲು, ಕಡ್ಡಿ, ಬೇರುಗಳ ಮೇಲೆ ಪದರದಂತೆ ಹರಡುತ್ತವೆ. ಒಳಗೆ ಸೂಕ್ಷ್ಮ ಪಾಚಿ ನೆಲೆಸಿದಾಗ ಹಸಿರಾಗಿ ಕಾಣುವುದರಿಂದ, ನೋಡಿದವರು ಬರಿಯ ಪಾಚಿಯೆಂದು ಕೆರೆದು ಎಸೆಯುವುದುಂಟು.

ಬೇಸಗೆಯಲ್ಲಿ ಕೆರೆ ಬತ್ತಿದರೆ ಈ ಮೃದುಜೀವಿಯ ಗತಿಯೇನು? ದೇಹವು ನಶಿಸುತ್ತದೆ. ಆದರೆ ಅದಕ್ಕೆ ಮುಂಚೆ ಅದು ಜೆಮ್ಯೂಲ್ ಎಂಬ ಸಾಸಿವೆಗಿಂತ ಚಿಕ್ಕ ಗುಂಡುಗಳನ್ನು ರಚಿಸಿರುತ್ತದೆ. ಗಟ್ಟಿಯಾದ ಕವಚದೊಳಗೆ ಆಹಾರ ತುಂಬಿದ ಜೀವಕಣಗಳು ನಿದ್ರಿಸುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮಳೆ ಬಂದು ನೀರು ತುಂಬಿದಾಗ ಅವು ಕವಚದ ಕಿಂಡಿಯಿಂದ ಹೊರಬಂದು ಹೊಸ ಸ್ಪಂಜನ್ನು ಕಟ್ಟುತ್ತವೆ. ನಮ್ಮ ರೈತನು ಬಿತ್ತನೆಯ ಕಾಳನ್ನು ಕಾಪಾಡುವ ರೀತಿಯೂ ಇದೇ ಅಲ್ಲವೇ?

ಕೆರೆಯ ಬತ್ತುವಿಕೆಯನ್ನು ಸಹಿಸುವ ಈ ಜೀವಿಯು ಕೆರೆಯ ನಾಶವನ್ನು ಸಹಿಸಲಾರದು. ಅಂಗಳವನ್ನು ಮಣ್ಣಿನಿಂದ ಮುಚ್ಚಿದರೆ ಮುಂದಿನ ಮಳೆಯು ಅದನ್ನು ಎಬ್ಬಿಸದು. ಚರಂಡಿಯ ಕೊಳೆಯೂ ಹೂಳೂ ತುಂಬಿದರೆ ಅದರ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ತುಮಕೂರಿನ ಅಮಾನಿಕೆರೆಯನ್ನಾಗಲಿ ಕುಣಿಗಲಿನ ಕೆರೆಯನ್ನಾಗಲಿ ಕಾಣಹೋದವರು, ನೀರು ಇಳಿದಾಗ ದಡದ ಕಲ್ಲಿನ ಅಡಿಯನ್ನೊಮ್ಮೆ ಗಮನಿಸಿರಿ. ಒರಟಾದ ಪದರವೂ ಅದರಲ್ಲಿ ಕಂದುಬಣ್ಣದ ಸಣ್ಣ ಕಾಳುಗಳೂ ಕಂಡರೆ ಕೆರೆಯದೆ ಬಿಡಿರಿ. ಅವು ಮಳೆಗಾಲವನ್ನು ಕಾಯುತ್ತಿರಬಹುದು.