ಫಾರ್ವರ್ಡ್ ಹೇಳುವಂತೆ ಕೆಟ್ಟ ಯೋಚನೆಯನ್ನು ಓಡಿಸಲು ಸಾಧ್ಯವೇ?

‘ನೆಗೆಟಿವ್ ಯೋಚನೆ ಬಂದ ತಕ್ಷಣ ಓಡಿಸಿಬಿಡಿ’ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಆದರೆ ಓಡಿಸಲು ಹೋದರೆ ಅದು ಮತ್ತೆ ಮತ್ತೆ ಬರುತ್ತದೆ. ಯಾಕೆ?

‘ಹುಣಸೆಹಣ್ಣು’ ಎಂದು ಓದಿದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಹಣ್ಣು ಎದುರಿಗಿಲ್ಲ, ಇರುವುದು ಪದ ಮಾತ್ರ! ಮಾತೂ ಕಲಿತ ವರ್ತನೆಯೇ ಎಂದು ಬಿ. ಎಫ್. ಸ್ಕಿನ್ನರ್ 1957ರಲ್ಲಿ ವಾದಿಸಿದರು. ಪದಗಳು ಒಂದಕ್ಕೊಂದು ಹೆಣೆದುಕೊಂಡು ನಿಜವಾದ ವಸ್ತುವಿನಂತೆಯೇ ನಮ್ಮನ್ನು ಕಾಡಬಲ್ಲವು ಎಂದು ಆಮೇಲೆ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ವಿವರಿಸಿದರು.

ಶಿಡ್ಲಘಟ್ಟದ ರೈತರೊಬ್ಬರ ರೇಷ್ಮೆ ಹುಳುಗಳು ಗೂಡು ಕಟ್ಟುವ ಮೊದಲೇ ಸತ್ತವು ಎಂದಿಟ್ಟುಕೊಳ್ಳಿ. ‘ನಾನು ಕೈಲಾಗದವನು’ ಎಂಬ ಮಾತು ಮನಸ್ಸಿಗೆ ಅಂಟಿಕೊಳ್ಳುತ್ತದೆ. ಮುಂದಿನ ಬೆಳೆ ಚೆನ್ನಾಗಿ ಬಂದರೂ ಬಿಡುವುದಿಲ್ಲ. ಹೇಯ್ಸ್ ರೂಪಿಸಿದ ಚಿಕಿತ್ಸೆ ಆ ಮಾತಿನ ಜೊತೆ ವಾದಕ್ಕಿಳಿಯುವುದಿಲ್ಲ. ‘ನಾನು ಕೈಲಾಗದವನು ಎಂಬ ಯೋಚನೆ ನನಗೆ ಬರುತ್ತಿದೆ’ ಎಂದು ಹೇಳಿಸುತ್ತದೆ. ಇಲ್ಲವೇ ಚುಚ್ಚುವ ಪದವನ್ನೇ ಅರ್ಧ ನಿಮಿಷ ಬೇಗ ಬೇಗ, ಜೋರಾಗಿ ಹೇಳಿಸುತ್ತದೆ. ‘ಹುಣಸೆ, ಹುಣಸೆ, ಹುಣಸೆ...’ ಈಗಲೇ ಹೇಳಿ ನೋಡಿ (ಮನೆಯವರು ನಗಲಿ ಬಿಡಿ). ಅರ್ಥ ಕರಗಿ ಸದ್ದು ಮಾತ್ರ ಉಳಿಯುತ್ತದೆ. ಯೋಚನೆ ಹೋಗದಿದ್ದರೂ ಪರವಾಗಿಲ್ಲ, ಅದರ ಜೊತೆಗೇ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗುವಂತಾಗಬೇಕು.

ಹಾಗೆಂದು ಇಷ್ಟೇ ಚಿಕಿತ್ಸೆಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.